ನೆಟ್‌ವರ್ಕ್ ಸಿಗದ ದಾರಿಗೆ ಯಾವ ಜಿಪಿಎಸ್?

ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಘಾಟಿಯ ತಿರುವಿನಲ್ಲಿ ಬೈಕ್ ನಿಲ್ಲಿಸಿ, ಫೋನನ್ನು ತಲೆಯ ಮೇಲೆತ್ತಿ ಹಿಡಿದು ನಿಂತ ಸವಾರರು ಯಾವ ಭಾನುವಾರವಾದರೂ ಕಣ್ಣಿಗೆ ಬೀಳುತ್ತಾರೆ. ಏನಾಯಿತೆಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಇಲ್ಲಿ ನೆಟ್‌ವರ್ಕ್ ಇಲ್ಲ, ಅದಕ್ಕೇ ಜಿಪಿಎಸ್ ಬರ್ತಿಲ್ಲ." ಪ್ರವಾಸಕ್ಕೆ ಜಿಪಿಎಸ್ ಕೊಳ್ಳಲು ಹೊರಟವರು ಮೊದಲು ಬಿಡಬೇಕಾದದ್ದು ಈ ನಂಬಿಕೆಯನ್ನು. ಮೊಬೈಲ್ ಟವರ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ. ಸಿಮ್ ಬೇಡ, ಡೇಟಾ ಬೇಡ, ತಿಂಗಳ ಬಾಡಿಗೆಯೂ ಬೇಡ.

ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಮೂವತ್ತರಷ್ಟು ಉಪಗ್ರಹಗಳು 'ನಾನು ಇಂಥಲ್ಲಿದ್ದೇನೆ, ಈಗ ಸಮಯ ಇಷ್ಟು' ಎಂದು ಎಡೆಬಿಡದೆ ಸಾರುತ್ತಿರುತ್ತವೆ. ನಮ್ಮ ಕೈಯಲ್ಲಿರುವ ಯಂತ್ರ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೇ. ತಿರುಗಿ ಏನನ್ನೂ ಕಳಿಸುವುದಿಲ್ಲ. ಸಂಕೇತ ಮೇಲಿನಿಂದ ಇಳಿಯಲು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ಅಳೆದರೆ ಉಪಗ್ರಹ ಎಷ್ಟು ದೂರದಲ್ಲಿದೆ ಎಂಬುದು ಸಿಗುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಲೆಕ್ಕ ಕೂಡಿದರೆ ನಾವಿರುವ ಜಾಗ ಗೊತ್ತಾಗುತ್ತದೆ. ಅಮೆರಿಕದ ರಕ್ಷಣಾ ಇಲಾಖೆ 1978ರಲ್ಲಿ ಮೊದಲ ಉಪಗ್ರಹ ಹಾರಿಸಿತು. 1995ರಲ್ಲಿ ವ್ಯವಸ್ಥೆ ಪೂರ್ಣಗೊಂಡಿತು. ನಾಗರಿಕರ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆಯೇ ಅದು ಪ್ರವಾಸಿಗರಿಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು.

ಹಾಗಿದ್ದರೆ ಘಾಟಿಯಲ್ಲಿ ಫೋನ್ ಏಕೆ ಕೈಕೊಡುತ್ತದೆ? ಕಾರಣ ಎರಡು. ಒಂದು, ನಕ್ಷೆ ಫೋನಿನೊಳಗೆ ಇರುವುದಿಲ್ಲ. ಪರದೆಯಲ್ಲಿ ಕಾಣುವ ಒಂದೊಂದು ತುಣುಕೂ ಇಂಟರ್‌ನೆಟ್‌ನಿಂದ ಇಳಿದು ಬರಬೇಕು. ನೆಟ್‌ವರ್ಕ್ ಹೋದಾಗ ನೀಲಿ ಚುಕ್ಕೆ ಇರುತ್ತದೆ, ಅದರ ಕೆಳಗಿನ ರಸ್ತೆ ಮಾಯವಾಗಿರುತ್ತದೆ. ಎರಡನೆಯದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಯಾವ ಉಪಗ್ರಹ ಎಲ್ಲಿದೆ ಎಂಬ ಪಂಚಾಂಗವನ್ನು ಉಪಗ್ರಹಗಳೇ ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಪ್ರಸಾರ ಮಾಡುತ್ತವೆ. ಅದನ್ನು ಪೂರ್ತಿ ಕೇಳಿಸಿಕೊಳ್ಳಲು ಹನ್ನೆರಡೂವರೆ ನಿಮಿಷ ಬೇಕು. ಫೋನುಗಳು ಆ ಮಾಹಿತಿಯನ್ನು ಮೊಬೈಲ್ ನೆಟ್‌ವರ್ಕ್ ಮೂಲಕ ತರಿಸಿಕೊಂಡು ಕ್ಷಣದಲ್ಲಿ ಜಾಗ ತೋರಿಸುತ್ತವೆ. ಈ ಸಹಾಯ ತಪ್ಪಿದಾಗ ಹೆಚ್ಚು ಹೊತ್ತು ಹಿಡಿಯುತ್ತದೆ, ಜನ ಕೆಟ್ಟುಹೋಯಿತು ಎಂದುಕೊಳ್ಳುತ್ತಾರೆ. ತೆರೆದ ಜಾಗದಲ್ಲಿ ಫೋನನ್ನು ಅಲ್ಲಾಡಿಸದೆ ಸ್ವಲ್ಪ ಹೊತ್ತು ಇಟ್ಟರೆ ಅದು ತಾನಾಗಿ ದಾರಿಗೆ ಬರುತ್ತದೆ.

ಆದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡ ಫೋನು ಒಳ್ಳೆಯ ಜಿಪಿಎಸ್ ಯಂತ್ರವೇ. ಬೆಂಗಳೂರಿನಿಂದ ಮೈಸೂರಿಗೋ ಚಿತ್ರದುರ್ಗಕ್ಕೋ ಹೆದ್ದಾರಿ ಹಿಡಿದು ಹೋಗಿ ಬರುವವರು ಬೇರೆ ಯಂತ್ರಕ್ಕೆ ಒಂದು ರೂಪಾಯಿಯನ್ನೂ ಸುರಿಯಬೇಕಿಲ್ಲ. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್‌ಮ್ಯಾಂಡ್‌ನಂಥ ಆ್ಯಪ್‌ಗಳಲ್ಲಿ ಕರ್ನಾಟಕದ ನಕ್ಷೆಯನ್ನು ಫೋನಿಗೆ ಇಳಿಸಿಟ್ಟರೆ ಸಾಕು. ಬೇರೆ ಯಂತ್ರದ ಮಾತು ಬರುವುದು ಮಳೆ, ಬಿಸಿಲು, ಧೂಳು, ಕಾಡು, ವಾರಗಟ್ಟಲೆ ಸವಾರಿ ಇವು ಸೇರಿಕೊಂಡಾಗ. ಬೈಕ್ ನಿಲ್ಲಿಸಿ ಬೆಟ್ಟ ಹತ್ತುವವರಿಗೆ ಅದು ಇನ್ನೂ ಮುಖ್ಯ.

ಹ್ಯಾಂಡಲ್‌ಬಾರಿಗೆ ಸಿಕ್ಕಿಸಿದ ಫೋನಿನ ಪಾಡನ್ನು ಸ್ವಲ್ಪ ನೋಡಿ. ಏಪ್ರಿಲ್ ಬಿಸಿಲಿನಲ್ಲಿ ರಾಯಚೂರು, ಕಲಬುರಗಿ ಕಡೆ ಹೊರಟರೆ ಪರದೆ ಕಾಣಲಿ ಎಂದು ಬೆಳಕನ್ನು ಪೂರ್ತಿ ಏರಿಸಬೇಕು. ಮೇಲೆ ಸೂರ್ಯ, ಒಳಗೆ ಚಾರ್ಜಿಂಗ್, ಅದರೊಂದಿಗೆ ಪರದೆಯ ಕಾವು. ಐಫೋನನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಬೇಕೆಂದು ಅದರ ತಯಾರಕರೇ ಹೇಳುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಬೆಳಗ್ಗೆ ಹತ್ತಕ್ಕೇ ಆ ಮಿತಿ ದಾಟಿರುತ್ತದೆ. ಬಿಸಿಯಾದ ಫೋನು ಮೊದಲು ಚಾರ್ಜಿಂಗ್ ನಿಲ್ಲಿಸುತ್ತದೆ, ಆಮೇಲೆ ಪರದೆ ಮಬ್ಬಾಗಿಸುತ್ತದೆ, ಕೊನೆಗೆ ಬಾಗಿಲು ಹಾಕಿಕೊಳ್ಳುತ್ತದೆ. ಇನ್ನು ನಡುಕ. ಶಕ್ತಿಶಾಲಿ ಮೋಟಾರ್‌ಸೈಕಲ್ ಎಂಜಿನ್ನುಗಳ ಕಂಪನದಿಂದ ಐಫೋನಿನ ಕ್ಯಾಮೆರಾ ಹಾಳಾಗಬಹುದು, ಅಂಥ ಬೈಕಿಗೆ ಫೋನನ್ನು ನೇರವಾಗಿ ಕಟ್ಟಬೇಡಿ ಎಂದು ಆ್ಯಪಲ್ ಕಂಪನಿ 2021ರಲ್ಲಿ ಲಿಖಿತವಾಗಿಯೇ ತಿಳಿಸಿತು. ಕಂಪನ ತಡೆಯುವ ರಬ್ಬರ್ ಜೋಡಣೆ ಹಾಕಿದರೆ ಅಪಾಯ ಕಡಿಮೆಯಾಗುತ್ತದೆ. ಆದರೂ ಮನೆಯವರ ನಂಬರು, ಬ್ಯಾಂಕು, ಟಿಕೆಟ್ಟು ಎಲ್ಲವೂ ಇರುವ ಒಂದೇ ಸಾಧನವನ್ನು ಮಳೆಗೂ ಕಲ್ಲುರಸ್ತೆಗೂ ಒಡ್ಡುವುದು ನನಗೆ ಸರಿಯೆನಿಸುವುದಿಲ್ಲ. ಬಿದ್ದಾಗ ಸಹಾಯಕ್ಕೆ ಕರೆ ಮಾಡಬೇಕಾದ ಫೋನು ಹ್ಯಾಂಡಲ್ ಮೇಲೆ ಒಡೆದು ಕೂತಿರಬಾರದು, ಅದು ಜೇಬಿನಲ್ಲಿರಬೇಕು.

ಮಾರುಕಟ್ಟೆಯಲ್ಲಿ ಎರಡು ಜಾತಿಯ ಯಂತ್ರಗಳಿವೆ. ಒಂದು ಬೈಕಿಗಾಗಿಯೇ ಮಾಡಿದ್ದು: ಗಾರ್ಮಿನ್‌ನ ಝೂಮೊ, ಟಾಮ್‌ಟಾಮ್‌ನ ರೈಡರ್. 2020ರಲ್ಲಿ ಬಂದ ಝೂಮೊ ಎಕ್ಸ್‌ಟಿಗೆ ಐದೂವರೆ ಇಂಚಿನ ಪರದೆ, 2023ರ ಎಕ್ಸ್‌ಟಿ2ಗೆ ಆರು ಇಂಚು. ಬಿಸಿಲಿನಲ್ಲೂ ಓದಬಹುದಾದಷ್ಟು ಪ್ರಖರವಾದ ಪರದೆ, ಕೈಗವಸಿನಲ್ಲೇ ಮುಟ್ಟಬಹುದು, ಎಲ್ಲಿ ತಿರುಗಬೇಕೆಂದು ಹೆಲ್ಮೆಟ್ಟಿನೊಳಗಿನ ಬ್ಲೂಟೂತ್‌ಗೆ ಹೇಳುತ್ತದೆ. ಬೈಕಿನ ಬ್ಯಾಟರಿಗೆ ಜೋಡಿಸಿದ ತೊಟ್ಟಿಲಲ್ಲಿ ಕೂರಿಸಿದರೆ ಚಾರ್ಜಿಂಗ್ ಚಿಂತೆ ಇಲ್ಲ. ಆದರೆ ಕೆಳಗಿಳಿಸಿ ಕೈಯಲ್ಲಿ ಹಿಡಿದರೆ ಅದರ ಸ್ವಂತ ಬ್ಯಾಟರಿ ಕೆಲವೇ ಗಂಟೆಗಳದ್ದು. ಇನ್ನೊಂದು ಜಾತಿ ಚಾರಣಿಗರಿಗಾಗಿ ಮಾಡಿದ ಹ್ಯಾಂಡ್‌ಹೆಲ್ಡ್: ಗಾರ್ಮಿನ್‌ನದೇ ಇಟ್ರೆಕ್ಸ್ ಮತ್ತು ಜಿಪಿಎಸ್‌ಮ್ಯಾಪ್ ಸರಣಿ. ಹೆಚ್ಚಿನವುಗಳ ಪರದೆ ಎರಡು-ಮೂರು ಇಂಚು, ಮುಟ್ಟಿದರೆ ಕೆಲಸ ಮಾಡುವುದಲ್ಲ, ಗುಂಡಿ ಒತ್ತಬೇಕು. ನೋಡಲು ಹದಿನೈದು ವರ್ಷ ಹಳೆಯ ಮೊಬೈಲಿನಂತಿರುತ್ತವೆ.

ಒಂದೇ ಯಂತ್ರ ಕೊಳ್ಳಲು ದುಡ್ಡಿದ್ದು, ಬೈಕಿಗೂ ಬೇಕು ಬೆಟ್ಟಕ್ಕೂ ಬೇಕು ಎನ್ನುವವರಿಗೆ ನಾನು ಹೇಳುವುದು ಈ ಹಳೆಯ ಮೊಬೈಲಿನಂಥ ಯಂತ್ರವನ್ನೇ. ಹ್ಯಾಂಡ್‌ಹೆಲ್ಡನ್ನು ಬೈಕಿಗೆ ಕಟ್ಟಬಹುದು. ಝೂಮೊವನ್ನು ಹಿಡಿದುಕೊಂಡು ಎರಡು ದಿನ ಕಾಡಿನಲ್ಲಿ ನಡೆಯಲಾಗದು. ಲಡಾಖ್‌ಗೋ ಈಶಾನ್ಯ ರಾಜ್ಯಗಳಿಗೋ ತಿಂಗಳುಗಟ್ಟಲೆ ಸವಾರಿ ಮಾಡುವವರು, ದಿನವಿಡೀ ಬೈಕಿನ ಮೇಲೇ ಇರುವವರು ಝೂಮೊ ಜಾತಿಯದನ್ನು ತೆಗೆದುಕೊಳ್ಳಲಿ. ಅವರಿಗೆ ದೊಡ್ಡ ಪರದೆಯೇ ಸುರಕ್ಷತೆ.

ಗುಂಡಿಯ ಬಗ್ಗೆ ಒಂದಿಷ್ಟು ಹೇಳಲೇಬೇಕು, ಏಕೆಂದರೆ ಅಂಗಡಿಯಲ್ಲಿ ಎಲ್ಲರೂ ಮಾರುಹೋಗುವುದು ದೊಡ್ಡ ಮುಟ್ಟುಪರದೆಗೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅಲ್ಲಿ ಜುಲೈ ತಿಂಗಳಲ್ಲಿ ಪರದೆಯ ಮೇಲೆ ಬೀಳುವ ಪ್ರತಿ ಹನಿಯನ್ನೂ ಫೋನು ಬೆರಳೆಂದೇ ತಿಳಿಯುತ್ತದೆ. ನಕ್ಷೆ ತಾನಾಗಿ ಸರಿಯುತ್ತದೆ, ಹಿಗ್ಗುತ್ತದೆ, ದಾರಿ ತೋರಿಸುವುದು ನಿಂತೇ ಹೋಗುತ್ತದೆ. ನಿಜವಾದ ಬೆರಳು ಮುಟ್ಟಿದಾಗ ಮಾತ್ರ ಏನೂ ಆಗುವುದಿಲ್ಲ. ಜಿಪಿಎಸ್‌ಮ್ಯಾಪ್ ಯಂತ್ರದಲ್ಲಿ ಪರದೆಯ ಕೆಳಗೆ ಗುಂಡಿಗಳ ಸಾಲಿದೆ. ಹಿಗ್ಗಿಸಲು ಒಂದು, ಕುಗ್ಗಿಸಲು ಒಂದು, ಹಿಂದೆ ಹೋಗಲು ಒಂದು, ನಿಂತ ಜಾಗವನ್ನು ಗುರುತು ಹಾಕಲು ಮಾರ್ಕ್ ಎಂಬುದೇ ಒಂದು. ಒಂದು ವಾರ ಬಳಸಿದರೆ ಹೆಬ್ಬೆರಳಿಗೆ ಅವು ಪಾಠವಾಗುತ್ತವೆ, ಒದ್ದೆ ಕೈಗವಸಿನಲ್ಲಿ ನೋಡದೆಯೇ ಒತ್ತಬಹುದು. ಪರದೆಯೂ ಬೇರೆ ಬಗೆಯದು. ಅದು ಬಿಸಿಲನ್ನೇ ಪ್ರತಿಫಲಿಸಿ ಕಾಣಿಸುವುದರಿಂದ ಬಿಸಿಲು ಏರಿದಷ್ಟೂ ಸ್ಪಷ್ಟ. ಬೆಳಕು ಹಚ್ಚಬೇಕಿಲ್ಲ, ಬ್ಯಾಟರಿಯೂ ಉಳಿಯುತ್ತದೆ.

ಬ್ಯಾಟರಿಯ ವಿಷಯಕ್ಕೆ ಬಂದರೆ, ಇಟ್ರೆಕ್ಸ್ 22ಎಕ್ಸ್, 32ಎಕ್ಸ್‌ಗಳು ಎರಡು ಡಬಲ್-ಎ ಸೆಲ್ಲಿನಲ್ಲಿ 25 ಗಂಟೆ ನಡೆಯುತ್ತವೆಂದು ಕಂಪನಿ ಹೇಳುತ್ತದೆ. ಹಿಂಬದಿಯ ಡಿ ಆಕಾರದ ಬಳೆಯನ್ನು ಎತ್ತಿ ತಿರುವಿದರೆ ಮುಚ್ಚಳ ತೆರೆಯುತ್ತದೆ, ಹೊಸ ಸೆಲ್ ಹಾಕಿ ಮುಚ್ಚಿದರೆ ಮತ್ತೆ ಒಂದು ದಿನ. ಈ ಸೆಲ್ಲು ಶೃಂಗೇರಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಸ್ಪಿತಿಯ ಹಳ್ಳಿಯಲ್ಲೂ ಸಿಗುತ್ತದೆ. ರೀಚಾರ್ಜ್ ಆಗುವ ಸೆಲ್ ಹಾಕಿದ್ದರೆ ಯಂತ್ರದ ಸೆಟ್ಟಿಂಗ್‌ನಲ್ಲಿ ಯಾವ ಬಗೆಯ ಸೆಲ್ ಎಂದು ಆರಿಸಿ. ಇಲ್ಲದಿದ್ದರೆ ಉಳಿದ ಚಾರ್ಜನ್ನು ಅದು ತಪ್ಪಾಗಿ ತೋರಿಸುತ್ತದೆ. ಹಿಮಾಲಯದ ಚಳಿಗೆ ಸಾಮಾನ್ಯ ಆಲ್ಕಲೈನ್ ಸೆಲ್ ಸೋಲುತ್ತದೆ, ಲಿಥಿಯಂ ಸೆಲ್ ಒಯ್ಯಬೇಕು. ಹೊಸದಾದ ಜಿಪಿಎಸ್‌ಮ್ಯಾಪ್ 67ರಲ್ಲಿ ಒಳಗೇ ಕೂರಿಸಿದ ಬ್ಯಾಟರಿ ಇದೆ, 180 ಗಂಟೆ ಎನ್ನುತ್ತಾರೆ. ಬಹುಪಾಲು ಜನರಿಗೆ ಅದು ಸಾಕು.

ಸೆಲ್ ಹಾಕುವ ಯಂತ್ರವನ್ನು ಬೈಕಿಗೆ ಕಟ್ಟುವವರಿಗೆ ಒಂದು ಎಚ್ಚರಿಕೆ. ಕಲ್ಲುರಸ್ತೆಯ ಕುಲುಕಾಟಕ್ಕೆ ಸೆಲ್ಲು ಸ್ಪ್ರಿಂಗಿನಿಂದ ಒಂದು ಕ್ಷಣ ಬಿಟ್ಟು ಯಂತ್ರ ಆಫ್ ಆಗುವುದುಂಟು. ಬೈಕಿನಿಂದ ಕೇಬಲ್ ಮೂಲಕ ವಿದ್ಯುತ್ ಕೊಟ್ಟರೆ ಈ ತೊಂದರೆ ಇಲ್ಲ. ಆದರೆ ಕೇಬಲ್ ಚುಚ್ಚಿರುವಾಗ ರಬ್ಬರ್ ಮುಚ್ಚಳ ತೆರೆದಿರುತ್ತದಲ್ಲ, ಜೋರು ಮಳೆಯಲ್ಲಿ ಆ ರಂಧ್ರಕ್ಕೆ ನೀರು ಹೋಗದಂತೆ ನೋಡಿಕೊಳ್ಳಬೇಕು. ಪೆಟ್ಟಿಗೆಯ ಮೇಲೆ ಐಪಿಎಕ್ಸ್7 ಎಂದು ಬರೆದಿದ್ದರೆ ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ಅರ್ಧ ಗಂಟೆ ತಡೆದುಕೊಳ್ಳುತ್ತದೆ ಎಂದರ್ಥ. ವಾಟರ್ ಸರ್ವಿಸ್‌ನವರ ಪೈಪಿನ ರಭಸವನ್ನೂ ತಡೆಯುತ್ತದೆ ಎಂದು ಅದು ಹೇಳುವುದಿಲ್ಲ. ಬೈಕ್ ತೊಳೆಯಲು ಬಿಡುವ ಮೊದಲು ಯಂತ್ರವನ್ನು ತೆಗೆದಿಟ್ಟುಕೊಳ್ಳಿ. ಬೈಕಿನ ಬ್ಯಾಟರಿಯಿಂದ ನೇರ ತಂತಿ ಎಳೆಸುವಾಗ ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಹಾಕಿಸಿ, ಕೀ ಆಫ್ ಮಾಡಿದಾಗ ಸಂಪರ್ಕ ಕಡಿಯುವಂತೆ ಮಾಡಿಸಿ. ಇಲ್ಲವಾದರೆ ಬೆಳಗ್ಗೆ ಸೆಲ್ಫ್ ಒತ್ತಿದಾಗ ಬೈಕ್ ಏಳದಿರಬಹುದು. ಯಂತ್ರವನ್ನು ಹಿಡಿಯುವ ಕ್ಲಾಂಪ್ ಎಷ್ಟೇ ಗಟ್ಟಿಯಿರಲಿ, ಜೊತೆಗೊಂದು ದಾರ ಕಟ್ಟಿರಲಿ.

ನಕ್ಷೆಯ ವಿಚಾರ ಇದೆಲ್ಲಕ್ಕಿಂತ ದೊಡ್ಡದು. ಅಂಗಡಿಯವರು ಇದನ್ನು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಯಂತ್ರ ನೀವಿರುವ ಜಾಗವನ್ನು ಮಾತ್ರ ಬಲ್ಲದು. ದಾರಿಯನ್ನು ಬಲ್ಲದ್ದು ನಕ್ಷೆ. ಅಮೆರಿಕದಲ್ಲಿರುವ ತಮ್ಮನ ಕೈಲಿ ತರಿಸಿದ ಝೂಮೊದಲ್ಲಿ ಉತ್ತರ ಅಮೆರಿಕದ ನಕ್ಷೆ ಇರುತ್ತದೆ, ಚಿಕ್ಕಮಗಳೂರಿನದ್ದಲ್ಲ. ಅಗ್ಗದ ಇಟ್ರೆಕ್ಸ್ ಎಸ್‌ಇ ಮಾದರಿಯಲ್ಲಂತೂ ನಕ್ಷೆಯೇ ಇರುವುದಿಲ್ಲ. ಖಾಲಿ ಪರದೆಯ ಮೇಲೆ ನೀವು ನಡೆದ ಗೆರೆಯಷ್ಟೇ ಕಾಣುತ್ತದೆ. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ: ಇದರಲ್ಲಿ ಭಾರತದ ನಕ್ಷೆ ಇದೆಯೇ, ಇಲ್ಲದಿದ್ದರೆ ನಾನೇ ಹಾಕಿಕೊಳ್ಳಬಹುದೇ? ಮೆಮೊರಿ ಕಾರ್ಡಿಗೆ ಜಾಗವಿರುವ ಗಾರ್ಮಿನ್ ಯಂತ್ರಗಳಲ್ಲಿ ಇದಕ್ಕೆ ಒಳ್ಳೆಯ ದಾರಿಯಿದೆ. 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸ್ವಯಂಸೇವಕರ ನಕ್ಷೆಯನ್ನು ಗಾರ್ಮಿನ್‌ಗೆ ಹೊಂದುವ ಕಡತವಾಗಿ ಉಚಿತವಾಗಿ ಇಳಿಸಿಕೊಳ್ಳಬಹುದು. ಕಾಫಿ ತೋಟಗಳ ನಡುವಿನ ಮಣ್ಣುರಸ್ತೆ, ಬೆಟ್ಟದ ಕಾಲುದಾರಿ, ಹಳ್ಳ ದಾಟುವ ಕಾಲುಸಂಕ, ಇಂಥವನ್ನು ಅಲ್ಲಿ ಓಡಾಡಿದವರೇ ಗುರುತಿಸಿ ಸೇರಿಸಿರುತ್ತಾರೆ. ಎಲ್ಲ ಕಡೆಯೂ ಅಷ್ಟೇ ಚೆನ್ನಾಗಿಲ್ಲ. ಚಾರಣಿಗರು ಹೆಚ್ಚು ಹೋಗುವ ಬೆಟ್ಟಗಳಲ್ಲಿ ಚೆನ್ನಾಗಿದೆ, ಯಾರೂ ಹೋಗದ ಕಡೆ ಖಾಲಿ. ನಿಮ್ಮೂರಿನ ಸುತ್ತಲ ರಸ್ತೆಗಳನ್ನು ಮೊದಲು ಅದರಲ್ಲಿ ನೋಡಿ; ನೀವು ಚೆನ್ನಾಗಿ ಬಲ್ಲ ಜಾಗದಲ್ಲಿ ನಕ್ಷೆ ಎಷ್ಟು ಸರಿಯಿದೆ ಎಂಬುದೇ ಅದರ ಪರೀಕ್ಷೆ.

ನಕ್ಷೆ ಎಷ್ಟೇ ಒಳ್ಳೆಯದಿದ್ದರೂ ಕೆಲವು ಸಂಗತಿ ಅದಕ್ಕೆ ತಿಳಿದಿರುವುದಿಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರ ಕಾಡಿನ ಮೂಲಕ ಸುಲ್ತಾನ್ ಬತ್ತೇರಿ ಕಡೆಗೂ ಊಟಿ ಕಡೆಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಕಾಡುಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದುದರಿಂದ 2009ರಲ್ಲಿ ಬಂದ ನಿಯಮ ಅದು, ಬರಬೇಕಾದದ್ದೇ. ಮೆಮೊರಿ ಕಾರ್ಡಿನಲ್ಲಿರುವ ನಕ್ಷೆ ರಾತ್ರಿ ಒಂಬತ್ತೂವರೆಗೂ ಆ ದಾರಿಯನ್ನೇ ತೋರಿಸಬಹುದು. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿಯೋ ಚಾರ್ಮಾಡಿಯೋ ಮುಚ್ಚಿದಾಗಲೂ ಹಾಗೆಯೇ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ ಪ್ರವಾಹಕ್ಕೆ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರೊಂದು ರಾಮಗಂಗಾ ನದಿಗೆ ಬಿದ್ದು ಮೂವರು ತೀರಿಕೊಂಡರು; ಅವರು ನ್ಯಾವಿಗೇಷನ್ ನೋಡಿಕೊಂಡೇ ಹೊರಟಿದ್ದರೆಂದು ವರದಿಯಾಯಿತು. ಸೇತುವೆಗೆ ಸರಿಯಾದ ಅಡ್ಡಗಟ್ಟೆ ಹಾಕದ್ದು ದೊಡ್ಡ ತಪ್ಪು, ನಿಜ. ಆದರೂ ದಾರಿಯಲ್ಲಿ ಚಹಾ ಕುಡಿಯುವಾಗ ಅಂಗಡಿಯವರನ್ನು "ಅಣ್ಣಾ, ಮುಂದೆ ರಸ್ತೆ ಹೇಗಿದೆ?" ಎಂದು ಕೇಳುವ ಅಭ್ಯಾಸವನ್ನು ಯಾವ ಯಂತ್ರ ಬಂದರೂ ಬಿಡಬೇಡಿ.

ಹೊಸದಾಗಿ ಕೊಂಡವರನ್ನು ಬಹಳ ಕಾಡುವುದು ರೂಟ್ ಮತ್ತು ಟ್ರ್ಯಾಕ್ ನಡುವಿನ ವ್ಯತ್ಯಾಸ. ರೂಟ್ ಎಂದರೆ ಹೋಗಬೇಕಾದ ಕೆಲವು ಜಾಗಗಳ ಪಟ್ಟಿ. ಅವುಗಳ ನಡುವಿನ ದಾರಿಯನ್ನು ನಿಮ್ಮ ಯಂತ್ರ ತನ್ನ ನಕ್ಷೆ, ತನ್ನ ಸೆಟ್ಟಿಂಗ್ ನೋಡಿ ತಾನೇ ಲೆಕ್ಕ ಹಾಕುತ್ತದೆ. ಟ್ರ್ಯಾಕ್ ಎಂದರೆ ಯಾರೋ ನಿಜವಾಗಿ ಹೋದ, ಇಲ್ಲವೇ ನೀವೇ ಗೆರೆ ಎಳೆದ ದಾರಿ, ಅದು ಬದಲಾಗುವುದಿಲ್ಲ. ಐದು ಜನ ಸೇರಿ ಸಕಲೇಶಪುರದಿಂದ ಬಿಸಿಲೆ ಮೂಲಕ ಸುಬ್ರಹ್ಮಣ್ಯಕ್ಕೆ ಹೊರಟಿದ್ದಾರೆ ಎನ್ನಿ. ಒಬ್ಬರು ರೂಟ್ ಮಾಡಿ ಎಲ್ಲರಿಗೂ ಹಂಚಿದರು. 'ವೇಗದ ದಾರಿ' ಎಂದು ಸೆಟ್ ಮಾಡಿಕೊಂಡವರ ಯಂತ್ರ ಅವರನ್ನು ಶಿರಾಡಿಯ ಹೆದ್ದಾರಿಗೆ ಎಳೆಯಬಹುದು, 'ಹತ್ತಿರದ ದಾರಿ' ಎಂದವರದು ಇನ್ನೆಲ್ಲಿಗೋ. ಟ್ರ್ಯಾಕನ್ನೇ ಜಿಪಿಎಕ್ಸ್ ಕಡತವಾಗಿ ಹಂಚಿಕೊಂಡಿದ್ದರೆ ಐವರ ಪರದೆಯಲ್ಲೂ ಒಂದೇ ಗೆರೆ ಇರುತ್ತಿತ್ತು. ಘಾಟಿ ಸವಾರಿಗೂ ಚಾರಣಕ್ಕೂ ನಾನು ಟ್ರ್ಯಾಕನ್ನೇ ನಂಬುತ್ತೇನೆ. ಜಿಪಿಎಕ್ಸ್ ಬಹುತೇಕ ಎಲ್ಲ ಯಂತ್ರಗಳಿಗೂ ಆ್ಯಪ್‌ಗಳಿಗೂ ಅರ್ಥವಾಗುವ ಕಡತ. ಅದನ್ನು ಓದಲಾಗದ ಸಾಧನವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಯಂತ್ರ ಬರೆದುಕೊಳ್ಳುವ ಟ್ರ್ಯಾಕ್ ಜೀವ ಉಳಿಸುವುದು ಮಂಜು ಇಳಿದಾಗ. ಕುಮಾರ ಪರ್ವತದ ಮೇಲಿನ ಹುಲ್ಲುಗಾವಲಲ್ಲಿ ಮಂಜು ಕವಿದರೆ ಹತ್ತು ಹೆಜ್ಜೆ ಆಚೆಯವರು ಕಾಣುವುದಿಲ್ಲ. ಹತ್ತುವಾಗ ಯಂತ್ರ ಚಾಲೂ ಇದ್ದರೆ ಸಾಕು, ಬಂದ ದಾರಿಯ ಗೆರೆ ಅದರಲ್ಲಿ ಉಳಿದಿರುತ್ತದೆ; ಅದನ್ನೇ ಹಿಡಿದು ಇಳಿಯಬಹುದು. ಇಲ್ಲೊಂದು ಸೂಕ್ಷ್ಮವಿದೆ. ಸಾದಾ ಜಿಪಿಎಸ್‌ಗೆ ನಿಂತಲ್ಲೇ ದಿಕ್ಕು ತಿಳಿಯದು. ನಾಲ್ಕು ಹೆಜ್ಜೆ ನಡೆದರೆ ಮಾತ್ರ ಯಾವ ಕಡೆ ಹೋಗುತ್ತಿದ್ದೀರಿ ಎಂಬುದು ಅದಕ್ಕೆ ಗೊತ್ತಾಗುತ್ತದೆ. ಮಂಜಿನಲ್ಲಿ, ಬಂಡೆಯಂಚಿನಲ್ಲಿ ಆ ನಾಲ್ಕು ಹೆಜ್ಜೆಯೇ ಅಪಾಯ. ಒಳಗೆ ಎಲೆಕ್ಟ್ರಾನಿಕ್ ದಿಕ್ಸೂಚಿ ಇರುವ ಮಾದರಿ ನಿಂತಲ್ಲೇ ದಿಕ್ಕು ತೋರಿಸುತ್ತದೆ. ಇಟ್ರೆಕ್ಸ್ 22ಎಕ್ಸ್‌ನಲ್ಲಿ ಅದಿಲ್ಲ, 32ಎಕ್ಸ್‌ನಲ್ಲಿದೆ. ಬೆಟ್ಟ ಹತ್ತುವವರು ಈ ಹೆಚ್ಚುವರಿ ದುಡ್ಡಿಗೆ ಹಿಂದೆಮುಂದೆ ನೋಡಬಾರದು.

32ಎಕ್ಸ್‌ನಲ್ಲಿ ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಸಾಧನವೂ ಇದೆ. ಎತ್ತರವನ್ನು ಪ್ರವಾಸಿಗರೇ ಅಳೆದುಕೊಂಡದ್ದರಿಂದ ಏನಾಯಿತು ಎಂಬುದಕ್ಕೆ ಲಡಾಖಿನ ಖರ್ದುಂಗ್ ಲಾ ಸಾಕ್ಷಿ. ಜಗತ್ತಿನ ಅತಿ ಎತ್ತರದ ವಾಹನ ರಸ್ತೆ, 18,380 ಅಡಿ ಎಂದು ಅಲ್ಲಿ ಬಹುಕಾಲ ಫಲಕವಿತ್ತು, ಸಾವಿರಾರು ಸವಾರರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಜಿಪಿಎಸ್ ಹಿಡಿದು ಹೋದವರ ಅಳತೆಯಲ್ಲಿ ಸಿಕ್ಕಿದ್ದು 5,359 ಮೀಟರ್, ಅಂದರೆ ಸುಮಾರು 17,580 ಅಡಿ. ಆಮೇಲೆ ಆ ಹಿರಿಮೆ 5,798 ಮೀಟರ್ ಎತ್ತರದ ಉಮ್ಲಿಂಗ್ ಲಾದ ಕಡೆಗೆ ಸರಿಯಿತು.

ದಟ್ಟ ಕಾಡು, ಕಡಿದಾದ ಕಣಿವೆಗಳಲ್ಲಿ ಸಂಕೇತ ಬಂಡೆಗೆ ತಾಗಿ ಸುತ್ತಿಬಳಸಿ ಬರುತ್ತದೆ. ದೂರದ ಲೆಕ್ಕ ತಪ್ಪಿ, ಚುಕ್ಕೆ ಹೊಳೆಯ ಆಚೆ ದಡದಲ್ಲಿ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಮದ್ದು ಎರಡು ತರಂಗಾಂತರಗಳನ್ನು ಒಟ್ಟಿಗೆ ಕೇಳುವ ಮಲ್ಟಿ-ಬ್ಯಾಂಡ್ ಯಂತ್ರ; ಜಿಪಿಎಸ್‌ಮ್ಯಾಪ್ 65 ಮತ್ತು 67ರಲ್ಲಿ ಇದಿದೆ. ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ ಉಪಗ್ರಹಗಳನ್ನೂ ಕೇಳುವ ಯಂತ್ರವಾದರೆ ಮರಗಳ ಸಂದಿಯಲ್ಲಿ ಕಾಣುವ ತುಂಡು ಆಕಾಶದಲ್ಲೂ ಬೇಕಾದಷ್ಟು ಉಪಗ್ರಹ ಸಿಗುತ್ತವೆ. ನಮ್ಮದೇ ಆದ ನಾವಿಕ್ ವ್ಯವಸ್ಥೆಯ ಬಗ್ಗೆ ಅನೇಕರು ಕೇಳುತ್ತಾರೆ. ಅದರ ನ್ಯಾವಿಗೇಷನ್ ಕೇಂದ್ರ ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿದೆ, ಮೊದಲ ಉಪಗ್ರಹ 2013ರ ಜುಲೈನಲ್ಲಿ ಹಾರಿತು. ಅಭಿಮಾನ ಪಡಬೇಕಾದ ಕೆಲಸವೇ. ಆದರೆ ಹಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟು ವ್ಯವಸ್ಥೆ ಸೊರಗಿದೆ. 2023ರ ಮೇ ತಿಂಗಳಲ್ಲಿ ದೇಶದಲ್ಲೇ ಮಾಡಿದ ಗಡಿಯಾರ ಹೊತ್ತ ಹೊಸ ಪೀಳಿಗೆಯ ಉಪಗ್ರಹ ಹಾರಿತು. ಅಂಥವು ಇನ್ನಷ್ಟು ಮೇಲೇರಬೇಕು. ಸದ್ಯಕ್ಕೆ ನಾವಿಕ್ ಎಂಬ ಚೀಟಿ ನೋಡಿ ಯಂತ್ರ ಕೊಳ್ಳುವ ಅಗತ್ಯವಿಲ್ಲ.

ಯಂತ್ರ ಕೈಗೆ ಬಂದ ದಿನ ಜಾಗದ ಅಂಕಿ ಓದುವುದನ್ನು ಮನೆಯವರೆಲ್ಲ ಕಲಿಯಬೇಕು. ಹ್ಯಾಂಡ್‌ಹೆಲ್ಡ್‌ಗಳು ಸಾಮಾನ್ಯವಾಗಿ ಡಿಗ್ರಿ, ನಿಮಿಷಗಳಲ್ಲಿ ತೋರಿಸುತ್ತವೆ, ಫೋನಿನ ನಕ್ಷೆಗಳು ದಶಾಂಶ ಡಿಗ್ರಿಯಲ್ಲಿ. ಆಗುಂಬೆಯ ಬಳಿ ಬಿದ್ದವರೊಬ್ಬರು 112ಕ್ಕೆ ಕರೆ ಮಾಡಿ "ಹದಿಮೂರು ಡಿಗ್ರಿ, ಮೂವತ್ತು ಪಾಯಿಂಟ್ ಐದು" ಎನ್ನುತ್ತಾರೆ. ಅದು 13 ಡಿಗ್ರಿ 30.5 ನಿಮಿಷ, ದಶಾಂಶದಲ್ಲಿ 13.508. ಕೇಳಿದವರು 13.305 ಎಂದು ಬರೆದುಕೊಂಡರೆ ಸಹಾಯ ಸುಮಾರು 22 ಕಿಲೋಮೀಟರ್ ದಕ್ಷಿಣದ ಕಾಡಿಗೆ ಹೋಗುತ್ತದೆ. ಯಂತ್ರವನ್ನೂ ಫೋನನ್ನೂ ಒಂದೇ ಮಾದರಿಗೆ, ದಶಾಂಶ ಡಿಗ್ರಿಗೆ ಬದಲಾಯಿಸಿಟ್ಟುಬಿಡಿ.

ಕೊನೆಯದಾಗಿ ಕಾನೂನಿನ ಮಾತು. ಇದರಲ್ಲಿ ಹುಡುಗಾಟ ಸಲ್ಲದು. ನೆಟ್‌ವರ್ಕ್ ಇಲ್ಲದ ಕಡೆಯಿಂದ ಉಪಗ್ರಹದ ಮೂಲಕ ಸಂದೇಶ ಕಳಿಸುವ ಇನ್‌ರೀಚ್‌ನಂಥ ಸಾಧನಗಳು ಅಮೆರಿಕ, ಯುರೋಪಿನಲ್ಲಿ ಚಾರಣಿಗರ ಬೆನ್ನುಚೀಲದಲ್ಲಿ ಸಾಮಾನ್ಯ. ಭಾರತದಲ್ಲಿ ಸರ್ಕಾರದ ಪರವಾನಗಿ ಇಲ್ಲದೆ ಅವನ್ನು ಇಟ್ಟುಕೊಳ್ಳುವುದು ಅಪರಾಧ. ಗೋವಾ, ದೆಹಲಿಯ ವಿಮಾನ ನಿಲ್ದಾಣಗಳಲ್ಲಿ ಇಂಥ ಸಾಧನ ಸಿಕ್ಕಿದ್ದಕ್ಕೆ ವಿದೇಶಿ ಪ್ರವಾಸಿಗರು ಪೊಲೀಸರ ಮುಂದೆ ನಿಲ್ಲಬೇಕಾಗಿ ಬಂದಿದೆ. ಗಾರ್ಮಿನ್ ಮಾದರಿಗಳಲ್ಲಿ ಸಂಖ್ಯೆಯ ಕೊನೆಗೆ 'ಐ' ಅಕ್ಷರ ಇದ್ದರೆ, ಅಂದರೆ 66ಐ, 67ಐ, ಮೊಂಟಾನಾ 700ಐ ಆಗಿದ್ದರೆ, ಅದರೊಳಗೆ ಇನ್‌ರೀಚ್ ಇದೆ. ಬರೀ 67 ಆದರೆ ಕೇಳಿಸಿಕೊಳ್ಳುವ ಯಂತ್ರ ಮಾತ್ರ. ರಜೆಗೆ ಊರಿಗೆ ಬರುವ ಅಣ್ಣ-ತಮ್ಮಂದಿರ ಹತ್ತಿರ ತರಿಸುವವರು, ಅಲ್ಲಿಂದ ತಮ್ಮದನ್ನೇ ಹಿಡಿದು ಬರುವವರು ಈ ಒಂದು ಅಕ್ಷರವನ್ನು ಎರಡೆರಡು ಸಲ ನೋಡಿಕೊಳ್ಳಬೇಕು.

ಹೀಗಾಗಿ ನಮ್ಮಲ್ಲಿ ಕಾಡಿಗೆ ಹೋದವರು ತಾವಿರುವ ಜಾಗವನ್ನು ಅಲ್ಲಿಂದಲೇ ಹೊರಗೆ ತಿಳಿಸುವ ಸುಲಭ ಉಪಾಯ ಸದ್ಯಕ್ಕಿಲ್ಲ. ಅದಕ್ಕೆ ಬದಲಾಗಿ ಹೊರಡುವ ಹಿಂದಿನ ರಾತ್ರಿ ಆ ಸವಾರಿಯ ಜಿಪಿಎಕ್ಸ್ ಕಡತವನ್ನು ಮನೆಯವರ ವಾಟ್ಸ್ಆ್ಯಪ್‌ಗೆ ಕಳಿಸಿ, ಅದು ಅವರ ಫೋನಿನಲ್ಲಿ ತೆರೆಯುತ್ತದೆಯೇ ಎಂದು ಅವರೆದುರೇ ನೋಡಿ. ಎಷ್ಟು ಗಂಟೆಯೊಳಗೆ ಫೋನ್ ಮಾಡುತ್ತೀರಿ, ಮಾಡದಿದ್ದರೆ ಅವರು ಯಾವ ಠಾಣೆಗೆ, ಯಾವ ಅರಣ್ಯ ಕಚೇರಿಗೆ ತಿಳಿಸಬೇಕು ಎಂಬುದನ್ನು ಅದರ ಕೆಳಗೇ ಬರೆದುಕೊಡಿ.